ಕಣ್ಣಿನ ಚಿಕಿತ್ಸೆ ಮಿದುಳಿನವರೆಗೆ ಹೋಗುತ್ತಿರುವುದು ಏಕೆ?

ಡಿಮೆನ್ಷಿಯಾ ತಡೆಗಟ್ಟುವ ಬಗೆ ಕುರಿತು ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿರುವ ಆಯೋಗವು 2024ರಲ್ಲಿ ತನ್ನ ವರದಿಯನ್ನು ಪರಿಷ್ಕರಿಸಿತು. ನೆನಪು, ವಿವೇಚನೆ, ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ಶಕ್ತಿ ಇವೆಲ್ಲ ಕ್ರಮೇಣ ಕುಂದುತ್ತ ಹೋಗುವ ಈ ಸ್ಥಿತಿಗೆ ದಾರಿ ಮಾಡಿಕೊಡುವ, ಆದರೆ ಪ್ರಯತ್ನಪಟ್ಟರೆ ತಗ್ಗಿಸಬಹುದಾದ ಅಂಶಗಳ ಪಟ್ಟಿಯಲ್ಲಿ ಅದುವರೆಗೆ 12 ಹೆಸರುಗಳಿದ್ದವು. ಈಗ ಅವು 14 ಆದವು. ಹೊಸದಾಗಿ ಸೇರಿದ ಎರಡರಲ್ಲಿ ಒಂದು ಎಲ್‌ಡಿಎಲ್ ಕೊಲೆಸ್ಟ್ರಾಲ್, ಇನ್ನೊಂದು ಚಿಕಿತ್ಸೆಯಿಲ್ಲದೆ ಉಳಿದ ದೃಷ್ಟಿದೋಷ. ಕನ್ನಡಕ ಹಾಕಿಕೊಳ್ಳದಿರುವುದಕ್ಕೂ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಹೋಗುವುದಕ್ಕೂ ಮರೆವಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರ ಹುಡುಕುವ ಮೊದಲು, ನೋಡುವ ಕ್ರಿಯೆ ದೇಹದಲ್ಲಿ ಎಲ್ಲಿ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕಾಗುತ್ತದೆ.

ಕಣ್ಣಿನಿಂದ ಮಿದುಳಿಗೆ

ಕಣ್ಣಿನ ಮುಂಭಾಗದಲ್ಲಿರುವ ಕಾರ್ನಿಯಾ ಮತ್ತು ಮಸೂರ ಬೆಳಕನ್ನು ಬಾಗಿಸಿ ಒಳಗೋಡೆಯ ಮೇಲೆ ಬೀಳಿಸುತ್ತವೆ. ಆ ಗೋಡೆಯ ಮೇಲಿರುವ, ಸುಮಾರು ಕಾಲು ಮಿಲಿಮೀಟರ್ ದಪ್ಪದ ತೆಳುವಾದ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಇದು ಮಿದುಳಿಗೆ ಸೇರಿದ ಅಂಗಾಂಶ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಭ್ರೂಣಕ್ಕೆ ನಾಲ್ಕು ವಾರ ತುಂಬುವ ಹೊತ್ತಿಗೆ, ಮುಂದೆ ಮಿದುಳಾಗಲಿರುವ ಭಾಗದಿಂದ ಎರಡು ಪುಟ್ಟ ಉಬ್ಬುಗಳು ಎರಡು ಬದಿಗೆ ಚಾಚಿಕೊಳ್ಳುತ್ತವೆ. ಅವುಗಳ ತುದಿಯೇ ಬೆಳೆದು ಅಕ್ಷಿಪಟಲವಾಗುತ್ತದೆ, ಕಾಂಡ ದೃಷ್ಟಿನರವಾಗುತ್ತದೆ. ದೃಷ್ಟಿನರ ಒಮ್ಮೆ ಹಾಳಾದರೆ ಮತ್ತೆ ಬೆಳೆಯದಿರುವುದಕ್ಕೂ, ದೃಷ್ಟಿನರ ನಿಧಾನವಾಗಿ ಹಾಳಾಗುವ ಗ್ಲಾಕೋಮಾ ಕಾಯಿಲೆಯಲ್ಲಿ ಕಳೆದುಹೋದ ದೃಷ್ಟಿಯನ್ನು ಮರಳಿಸಲು ಆಗದಿರುವುದಕ್ಕೂ ಕಾರಣ ಇಲ್ಲಿದೆ. ಕೈಕಾಲಿನ ನರಗಳಿಗಿರುವ ಪುನಃ ಚಿಗುರುವ ಶಕ್ತಿ ಮಿದುಳಿನ ಅಂಗಾಂಶಕ್ಕಿಲ್ಲ.

ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಸುಮಾರು 10 ಕೋಟಿ ಇವೆ. ಆದರೆ ಅಲ್ಲಿಂದ ಹೊರಡುವ ದೃಷ್ಟಿನರದಲ್ಲಿರುವ ತಂತುಗಳು 10ರಿಂದ 12 ಲಕ್ಷ ಮಾತ್ರ. ಎಂದರೆ ಕಣ್ಣಿಗೆ ಬಿದ್ದದ್ದೆಲ್ಲ ಇದ್ದ ಹಾಗೆ ಮಿದುಳಿಗೆ ಹೋಗುವುದಿಲ್ಲ. ಎಲ್ಲಿ ಅಂಚಿದೆ, ಎಲ್ಲಿ ಬೆಳಕು ಬದಲಾಯಿತು, ಯಾವುದು ಚಲಿಸಿತು ಎಂಬುದನ್ನು ಅಕ್ಷಿಪಟಲವೇ ಹೆಕ್ಕಿ ಕಳುಹಿಸುತ್ತದೆ. ಎರಡೂ ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಭೇಟಿಯಾಗಿ, ಅಲ್ಲಿ ಮೂಗಿನ ಬದಿಯ ಅರ್ಧದಷ್ಟು ತಂತುಗಳು ಅದಲುಬದಲಾಗುತ್ತವೆ. ಅಲ್ಲಿಂದ ಮುಂದೆ ಎರಡೂ ಕಣ್ಣುಗಳು ಕಂಡ ಎಡಭಾಗದ ದೃಶ್ಯ ಬಲಮಿದುಳಿಗೂ ಬಲಭಾಗದ ದೃಶ್ಯ ಎಡಮಿದುಳಿಗೂ ಹೋಗುತ್ತದೆ. ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಕೇಂದ್ರಕ್ಕೆ ತಲುಪಿದ ಈ ಸಂಕೇತಗಳು ಮತ್ತೆ ಬಣ್ಣ, ಚಲನೆ, ಮುಖದ ಗುರುತು ಮುಂತಾದವನ್ನು ನೋಡಿಕೊಳ್ಳುವ ಬೇರೆ ಬೇರೆ ಭಾಗಗಳಿಗೆ ಹಂಚಿಹೋಗುತ್ತವೆ.

ಈ ಹಂಚಿಕೆ ಎಷ್ಟು ನಿಖರ ಎಂಬುದಕ್ಕೆ 1983ರಲ್ಲಿ ಜರ್ಮನಿಯಿಂದ ವರದಿಯಾದ ಒಬ್ಬ ಮಹಿಳೆಯ ಪ್ರಕರಣವೇ ಸಾಕು. ಮಿದುಳಿನ ಎರಡೂ ಬದಿಯಲ್ಲಿ ಚಲನೆಯನ್ನು ಗ್ರಹಿಸುವ ಭಾಗಕ್ಕೆ ಹಾನಿಯಾಗಿದ್ದ ಆಕೆಗೆ ಬಣ್ಣ, ಆಕಾರ, ಅಕ್ಷರ ಎಲ್ಲವೂ ಕಾಣುತ್ತಿದ್ದವು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಸುರಿಯುತ್ತಿದ್ದ ಚಹಾ ಆಕೆಯ ಕಣ್ಣಿಗೆ ಹೆಪ್ಪುಗಟ್ಟಿ ನಿಂತಂತೆ ತೋರುತ್ತಿದ್ದುದರಿಂದ, ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುತ್ತಿರಲಿಲ್ಲ.

ಮಿದುಳು ದೃಶ್ಯವನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು ಕಾಗದ, ಪೆನ್ನು ಇದ್ದರೆ ಈಗಲೇ ಪರೀಕ್ಷಿಸಿಕೊಳ್ಳಬಹುದು. ಗೆರೆ ಹಾಕಿದ ಹಾಳೆಯಲ್ಲಿ ಎಡಕ್ಕೆ ಒಂದು ಗುಣಾಕಾರ ಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಅದೇ ಗೆರೆಯ ಮೇಲೆ ಒಂದು ದಪ್ಪ ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಚಿಹ್ನೆಯ ಮೇಲೆಯೇ ನೆಟ್ಟು, ಹಾಳೆಯನ್ನು ತೋಳಿನಳತೆಯಿಂದ ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕು ಗ್ರಹಿಸುವ ಕೋಶಗಳೇ ಇಲ್ಲದಿರುವುದು ಇದಕ್ಕೆ ಕಾರಣ. ಆದರೆ ಚುಕ್ಕೆಯಿದ್ದಲ್ಲಿ ಕಪ್ಪು ತೂತು ಕಾಣುವುದಿಲ್ಲ, ಹಾಳೆಯ ಗೆರೆ ತುಂಡಾಗದೆ ಮುಂದುವರಿದಂತೆ ಕಾಣುತ್ತದೆ. ಆ ಗೆರೆಯ ತುಣುಕನ್ನು ಎಳೆದದ್ದು ಮಿದುಳು.

ತೊಂದರೆ ಕಣ್ಣಿನದೋ ಮಿದುಳಿನದೋ

ನರಗಳು ಅದಲುಬದಲಾಗುವ ಏರ್ಪಾಡಿನಿಂದ ಒಂದು ಪ್ರಾಯೋಗಿಕ ಉಪಯೋಗವಿದೆ. ಬಲಗಣ್ಣನ್ನು ಮುಚ್ಚಿದಾಗ ಸ್ಪಷ್ಟವಾಗಿಯೂ ಎಡಗಣ್ಣನ್ನು ಮುಚ್ಚಿದಾಗ ಮಂಜಾಗಿಯೂ ಕಂಡರೆ ದೋಷ ಬಲಗಣ್ಣಿನಲ್ಲೋ ಅದರ ನರದಲ್ಲೋ ಇದೆ. ಹಾಗಲ್ಲದೆ ಯಾವ ಕಣ್ಣನ್ನು ಮುಚ್ಚಿದರೂ ದೃಶ್ಯದ ಒಂದೇ ಬದಿ ಕಾಣಿಸದಿದ್ದರೆ ದೋಷ ನರಗಳು ಸೇರುವ ಜಾಗಕ್ಕಿಂತ ಹಿಂದೆ, ಅಂದರೆ ಮಿದುಳಿನೊಳಗೆ ಇರುತ್ತದೆ. ಇಂಥವರು ಸಾಮಾನ್ಯವಾಗಿ ‘ನನ್ನ ಬಲಗಣ್ಣು ಹೋಯಿತು’ ಎಂದೇ ಹೇಳಿಕೊಂಡು ಬರುತ್ತಾರೆ, ಕಣ್ಣು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುತ್ತದೆ. ಇದು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಪಾರ್ಶ್ವವಾಯುವಿನ ಲಕ್ಷಣವೆಂದು ಭಾವಿಸಿ ಕನ್ನಡಕದಂಗಡಿಗೆ ಹೋಗದೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಮಕ್ಕಳಲ್ಲಿಯೂ ಇಂಥ ಸಂದರ್ಭಗಳಿವೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ಹುಟ್ಟುವಾಗ ಆಮ್ಲಜನಕದ ಕೊರತೆಯಾದ ಕೆಲವು ಮಕ್ಕಳ ಕಣ್ಣುಗಳು ಆರೋಗ್ಯವಾಗಿದ್ದರೂ ದೃಷ್ಟಿಯನ್ನು ಸಂಸ್ಕರಿಸುವ ಮಿದುಳಿನ ಭಾಗಕ್ಕೆ ಪೆಟ್ಟಾಗಿರುತ್ತದೆ. ಒಂಟಿಯಾಗಿ ಇಟ್ಟ ಆಟಿಕೆಯನ್ನು ಗುರುತಿಸುವ ಮಗು, ಅದೇ ಆಟಿಕೆ ಹತ್ತು ವಸ್ತುಗಳ ನಡುವೆ ಇದ್ದರೆ ಹುಡುಕಲಾರದೆ ಹೋಗುತ್ತದೆ. ಮಗುವಿಗೆ ಗಮನವಿಲ್ಲ, ಹಟ ಮಾಡುತ್ತದೆ ಎಂದು ದೂರುವುದುಂಟು. ಮುಂದುವರಿದ ರಾಷ್ಟ್ರಗಳಲ್ಲಿ ಬಾಲ್ಯದ ದೃಷ್ಟಿಹೀನತೆಗೆ ಈಗ ಇದೇ ಮುಖ್ಯ ಕಾರಣಗಳಲ್ಲೊಂದು, ಏಕೆಂದರೆ ತೀರಾ ಬೇಗ ಹುಟ್ಟಿದ ಶಿಶುಗಳು ಅಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಬದುಕುಳಿಯುತ್ತಿವೆ.

ಬಾಲ್ಯದಲ್ಲಿ ನೋಡಲು ಕಲಿಯುವುದು

1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ರೆಪ್ಪೆಯನ್ನು ಹೊಲಿದು, ಕೆಲವು ವಾರಗಳ ನಂತರ ಬಿಚ್ಚಿ ನೋಡಿದರು. ಕಣ್ಣಿಗೆ ಏನೂ ಆಗಿರಲಿಲ್ಲ, ಆದರೆ ಮರಿ ಆ ಕಣ್ಣಿನಿಂದ ನೋಡಲಾರದಾಗಿತ್ತು. ಮಿದುಳಿನಲ್ಲಿ ಆ ಕಣ್ಣಿಗೆ ಸಲ್ಲಬೇಕಿದ್ದ ಜಾಗವನ್ನು ತೆರೆದಿದ್ದ ಕಣ್ಣು ಆಕ್ರಮಿಸಿಕೊಂಡಿತ್ತು. ಇದನ್ನೇ ಬೆಳೆದ ಬೆಕ್ಕಿನ ಮೇಲೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಮಿದುಳು ನೋಡಲು ಕಲಿಯುವುದಕ್ಕೆ ಒಂದು ನಿರ್ಣಾಯಕ ಅವಧಿಯಿದೆ ಎಂಬ ಅರಿವು ಗಟ್ಟಿಯಾದದ್ದು ಈ ಪ್ರಯೋಗಗಳಿಂದ. ದೃಷ್ಟಿ ವ್ಯವಸ್ಥೆಯ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹುಟ್ಟುವಾಗಲೇ ಪೊರೆಯಿರುವ ಶಿಶುವಿಗೆ ವಾರಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಅವಸರದ ಹಿಂದೆ ಇರುವುದು ಈ ತಿಳಿವಳಿಕೆಯೇ.

ಇದರ ಸೌಮ್ಯ ರೂಪವಾದ ಆಂಬ್ಲಿಯೋಪಿಯಾ, ಆಡುಮಾತಿನ ಸೋಮಾರಿ ಕಣ್ಣು, ನೂರರಲ್ಲಿ ಎರಡರಿಂದ ನಾಲ್ಕು ಮಕ್ಕಳಲ್ಲಿ ಇರುತ್ತದೆ. ಮಾಲುಗಣ್ಣಿನಿಂದಲೋ ಒಂದು ಕಣ್ಣಿನ ಪವರ್ ಇನ್ನೊಂದಕ್ಕಿಂತ ಬಹಳ ಹೆಚ್ಚಿರುವುದರಿಂದಲೋ ಎರಡು ಕಣ್ಣುಗಳು ಮಿದುಳಿಗೆ ಹೊಂದಾಣಿಕೆಯಿಲ್ಲದ ಚಿತ್ರಗಳನ್ನು ಕಳುಹಿಸುತ್ತವೆ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳತೊಡಗಿದಾಗ ಕೇಳುವವನು ಸ್ಪಷ್ಟವಾಗಿ ಮಾತನಾಡುವವನ ಕಡೆ ಕಿವಿಗೊಟ್ಟು ಮತ್ತೊಬ್ಬನನ್ನು ಕಡೆಗಣಿಸುವಂತೆ, ಮಿದುಳು ಮಸುಕಾದ ಕಣ್ಣಿನ ಸಂದೇಶವನ್ನು ತಡೆದುಬಿಡುತ್ತದೆ. ಆಮೇಲೆ ಸರಿಯಾದ ಕನ್ನಡಕ ಕೊಟ್ಟರೂ ಆ ಕಣ್ಣು ಪೂರ್ತಿ ತಿಳಿಯಾಗಿ ಕಾಣದು.

ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ದುರ್ಬಲ ಕಣ್ಣನ್ನು ದುಡಿಸುವುದು ಹಳೆಯ ಚಿಕಿತ್ಸೆ. ದಿನವಿಡೀ ಪಟ್ಟಿ ಕಟ್ಟಬೇಕೆಂಬ ನಂಬಿಕೆಯನ್ನು ಅಮೆರಿಕದ ಮಕ್ಕಳ ನೇತ್ರತಜ್ಞರ ಗುಂಪೊಂದು 2003ರಲ್ಲಿ ಪ್ರಕಟಿಸಿದ ಪ್ರಯೋಗ ಸಡಿಲಗೊಳಿಸಿತು: ಮಧ್ಯಮ ತೀವ್ರತೆಯ ದೋಷವಿರುವ, ಏಳು ವರ್ಷದೊಳಗಿನ ಮಕ್ಕಳಲ್ಲಿ ದಿನಕ್ಕೆ ಎರಡು ಗಂಟೆಯ ಪಟ್ಟಿಗೂ ಆರು ಗಂಟೆಯ ಪಟ್ಟಿಗೂ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಏಳು ವರ್ಷ ದಾಟಿದರೆ ಏನೂ ಮಾಡಲಾಗದು ಎಂಬ ಮಾತೂ ಈಗ ನಿಲ್ಲುವುದಿಲ್ಲ. ಅದೇ ಗುಂಪಿನ 2005ರ ಪ್ರಯೋಗದಲ್ಲಿ 7ರಿಂದ 12 ವರ್ಷದವರ ಪೈಕಿ ಸುಮಾರು ಅರ್ಧದಷ್ಟು ಮಕ್ಕಳು ಚಿಕಿತ್ಸೆಗೆ ಸ್ಪಂದಿಸಿದರು.

ಇನ್ನೂ ಹೊಸದು ಎರಡೂ ಕಣ್ಣುಗಳನ್ನು ಒಟ್ಟಿಗೆ ದುಡಿಸುವ ಮಾರ್ಗ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 4ರಿಂದ 7 ವರ್ಷದ ಮಕ್ಕಳಿಗಾಗಿ ಒಪ್ಪಿಗೆ ಕೊಟ್ಟ ಲುಮಿನೋಪಿಯಾ ಎಂಬ ಸಾಧನದಲ್ಲಿ ಮಗು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಹಾಕಿಕೊಂಡು ದಿನಕ್ಕೆ ಒಂದು ಗಂಟೆ ವೀಡಿಯೊ ನೋಡುತ್ತದೆ. ಬಲವಾದ ಕಣ್ಣಿಗೆ ಕಾಣುವ ಚಿತ್ರದ ಗಾಢತೆ ತಗ್ಗಿಸಿ, ಎರಡೂ ಕಣ್ಣಿನ ಚಿತ್ರಗಳಲ್ಲಿ ಅಲ್ಲಲ್ಲಿ ಭಾಗಗಳನ್ನು ಮರೆಮಾಡಿರುತ್ತಾರೆ. ಎರಡನ್ನೂ ಜೋಡಿಸಿಕೊಂಡರೆ ಮಾತ್ರ ಚಿತ್ರ ಪೂರ್ಣವಾಗುವುದರಿಂದ ಮಿದುಳು ದುರ್ಬಲ ಕಣ್ಣಿನ ಮಾತನ್ನೂ ಕೇಳಲೇಬೇಕಾಗುತ್ತದೆ. ಆದರೆ ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎಂಬ ಪ್ರಚಾರವನ್ನು ಇದರ ಜೊತೆ ಸೇರಿಸಬಾರದು. ಓದಿನ ಆ ತೊಡಕು ಮುಖ್ಯವಾಗಿ ಭಾಷೆಯ ಧ್ವನಿಗಳನ್ನು ಮಿದುಳು ಸಂಸ್ಕರಿಸುವ ರೀತಿಗೆ ಸಂಬಂಧಿಸಿದ್ದು, ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು ಅಂಥ ಚಿಕಿತ್ಸೆಗೆ ಆಧಾರವಿಲ್ಲವೆಂದು ಸ್ಪಷ್ಟವಾಗಿ ಹೇಳಿವೆ.

ನಿರ್ಣಾಯಕ ಅವಧಿ ಮುಗಿದ ಮೇಲೆ ದೃಷ್ಟಿ ಬಂದರೆ ಮಿದುಳು ಏನು ಮಾಡುತ್ತದೆ? ಈ ಪ್ರಶ್ನೆ ಬಹಳ ಹಳೆಯದು. ಹುಟ್ಟುಕುರುಡನೊಬ್ಬ ಘನವನ್ನೂ ಗೋಲವನ್ನೂ ಮುಟ್ಟಿ ಗುರುತಿಸಬಲ್ಲವನಾಗಿದ್ದು, ಅವನಿಗೆ ದೃಷ್ಟಿ ಬಂದರೆ ಮುಟ್ಟದೆ, ಬರಿದೇ ನೋಡಿ ಯಾವುದು ಯಾವುದೆಂದು ಹೇಳಬಲ್ಲನೇ ಎಂದು ವಿಲಿಯಂ ಮಾಲಿನೂ 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್‌ಗೆ ಬರೆದು ಕೇಳಿದ್ದ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಪವನ್ ಸಿನ್ಹಾ ಅವರು ಭಾರತದಲ್ಲಿ ನಡೆಸುತ್ತಿರುವ ‘ಪ್ರಾಜೆಕ್ಟ್ ಪ್ರಕಾಶ್’ ಇದಕ್ಕೆ 2011ರಲ್ಲಿ ಉತ್ತರ ಕೊಟ್ಟಿತು. ಹುಟ್ಟಿನಿಂದ ಕಾಣದಿದ್ದ, 8ರಿಂದ 17 ವರ್ಷದ ಐದು ಮಕ್ಕಳಿಗೆ ಶಸ್ತ್ರಚಿಕಿತ್ಸೆಯಾದ ಎರಡು ದಿನಗಳೊಳಗೆ ಆಟದ ಇಟ್ಟಿಗೆಗಳಂಥ ವಸ್ತುಗಳನ್ನು ಕೊಟ್ಟು ಪರೀಕ್ಷಿಸಲಾಯಿತು. ಮುಟ್ಟಿದ್ದನ್ನು ಮತ್ತೆ ಮುಟ್ಟಿ, ನೋಡಿದ್ದನ್ನು ಮತ್ತೆ ನೋಡಿ ಅವರು ಸರಿಯಾಗಿ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಗುರುತಿಸುವಾಗ ಮಾತ್ರ ಅವರ ಉತ್ತರ ಊಹೆಗಿಂತ ಹೆಚ್ಚೇನೂ ಆಗಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಮತ್ತೆ ಪರೀಕ್ಷಿಸಿದಾಗ, ಯಾರೂ ತರಬೇತಿ ಕೊಡದಿದ್ದರೂ ಅದೇ ಮಕ್ಕಳು ಗಣನೀಯವಾಗಿ ಸುಧಾರಿಸಿದ್ದರು. ಅಲ್ಲಿಯವರೆಗೆ, ಎಂಟು ಹತ್ತು ವರ್ಷ ದಾಟಿದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿ ಪ್ರಯೋಜನವಿಲ್ಲ ಎಂದು ಭಾವಿಸಿದವರೇ ಹೆಚ್ಚು.

ದೃಷ್ಟಿದೋಷ ಮತ್ತು ಮರೆವು

ಈಗ ಆರಂಭದ ಪ್ರಶ್ನೆಗೆ ಬರಬಹುದು. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಪೊರೆ ಅಥವಾ ಗ್ಲಾಕೋಮಾ ಇದ್ದ, 65 ವರ್ಷ ಮೀರಿದ 3,038 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಅಚ್ಚಾಯಿತು. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಡಿಮೆನ್ಷಿಯಾದ ಸಂಭವ, ಮಾಡಿಸಿಕೊಳ್ಳದವರಿಗಿಂತ ಶೇಕಡ 30ರಷ್ಟು ಕಡಿಮೆಯಿತ್ತು. ಗ್ಲಾಕೋಮಾ ಶಸ್ತ್ರಚಿಕಿತ್ಸೆಗೆ ಅಂಥ ಸಂಬಂಧ ಕಾಣಲಿಲ್ಲ. ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ, ಗ್ಲಾಕೋಮಾ ಶಸ್ತ್ರಚಿಕಿತ್ಸೆ ಇರುವ ದೃಷ್ಟಿಯನ್ನು ಕಾಪಾಡುತ್ತದೆಯೇ ಹೊರತು ಹೋದದ್ದನ್ನು ತರುವುದಿಲ್ಲ. ಆದ್ದರಿಂದ ಲಾಭ ಬಂದದ್ದು ಮಿದುಳಿಗೆ ದೃಶ್ಯಗಳು ಮತ್ತೆ ತಲುಪಿದ್ದರಿಂದ ಇರಬಹುದು ಎಂಬ ತರ್ಕಕ್ಕೆ ಈ ವ್ಯತ್ಯಾಸ ಬಲ ಕೊಡುತ್ತದೆ.

ನಂಟಿಗೆ ಹಲವು ವಿವರಣೆಗಳಿವೆ. ಮಸುಕಾದ ಸಂಕೇತವನ್ನು ಅರ್ಥಮಾಡಿಕೊಳ್ಳಲು ಮಿದುಳು ಹೆಚ್ಚು ಶ್ರಮಪಟ್ಟಾಗ ನೆನಪಿಟ್ಟುಕೊಳ್ಳಲು ಉಳಿಯುವ ಶಕ್ತಿ ಕಡಿಮೆಯಾಗುತ್ತದೆ ಎಂಬುದು ಒಂದು. ಕಾಣದವರು ಓದು, ನಡಿಗೆ, ಜನರೊಡನೆ ಬೆರೆಯುವುದನ್ನು ಬಿಟ್ಟು ಮೂಲೆ ಸೇರುತ್ತಾರೆ, ಒಂಟಿತನ ಮತ್ತು ನಿಷ್ಕ್ರಿಯತೆಗಳೇ ಮಿದುಳನ್ನು ಮಂಕಾಗಿಸುತ್ತವೆ ಎಂಬುದು ಇನ್ನೊಂದು. ಮಧುಮೇಹದಂಥ ಕಾಯಿಲೆ ಕಣ್ಣಿನ ಮತ್ತು ಮಿದುಳಿನ ಸೂಕ್ಷ್ಮ ರಕ್ತನಾಳಗಳೆರಡನ್ನೂ ಹಾಳುಮಾಡುವುದರಿಂದ ಎರಡೂ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ ಎಂಬುದು ಮತ್ತೊಂದು. ಜೊತೆಗೆ ಎರಡು ಎಚ್ಚರಿಕೆಗಳನ್ನೂ ಗಮನಿಸಬೇಕು. ಬುದ್ಧಿ ಚುರುಕಾಗಿರುವವರೇ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ಹೆಚ್ಚು. ಸಂಶೋಧಕರು ಇದಕ್ಕೆ ಲೆಕ್ಕದಲ್ಲಿ ಹೊಂದಾಣಿಕೆ ಮಾಡಿದ್ದರೂ ಇಂಥ ಅಧ್ಯಯನದಿಂದ ಕಾರಣ ಇದೇ ಎಂದು ಸಾಧಿಸಲಾಗದು. ಎರಡನೆಯದಾಗಿ, ನೆನಪಿನ ಪರೀಕ್ಷೆಗಳಲ್ಲಿ ಚಿತ್ರ ನೋಡುವುದು, ಗಡಿಯಾರ ಬರೆಯುವುದು ಇರುವುದರಿಂದ ಕಾಣಿಸದವರಿಗೆ ಅಂಕ ಕಡಿಮೆ ಬೀಳುವ ಸಾಧ್ಯತೆಯಿದೆ. ಆಯೋಗದ ಅಂದಾಜಿನಲ್ಲಿ 14 ಅಂಶಗಳೂ ಸೇರಿ ಡಿಮೆನ್ಷಿಯಾದ ಶೇಕಡ 45ರಷ್ಟು ಪ್ರಕರಣಗಳಿಗೆ ಕಾರಣವಾದರೆ, ಅದರಲ್ಲಿ ದೃಷ್ಟಿದೋಷದ ಪಾಲು ಶೇಕಡ 2 ಮಾತ್ರ. ಪಾಲು ಚಿಕ್ಕದು, ಆದರೆ ಪಟ್ಟಿಯ ಇತರ ಹಲವು ಅಂಶಗಳಿಗೆ ಹೋಲಿಸಿದರೆ ಇದನ್ನು ಸರಿಪಡಿಸುವುದು ಸುಲಭ.

ಕಣ್ಣಿನಲ್ಲಿ ಕಾಣುವ ಮಿದುಳು

ಕೊಯ್ಯದೆ, ಚುಚ್ಚದೆ ಮಿದುಳಿನ ಅಂಗಾಂಶವನ್ನು ನೇರವಾಗಿ ನೋಡಲು ಸಾಧ್ಯವಿರುವ ಸ್ಥಳ ದೇಹದಲ್ಲಿ ಅಕ್ಷಿಪಟಲ ಒಂದೇ. 1851ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ಪರಿಚಯಿಸಿದ ಮೇಲೆ, ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದರೆ ದೃಷ್ಟಿನರದ ಬುಡ ಊದಿಕೊಳ್ಳುವುದು ವೈದ್ಯರಿಗೆ ಕಾಣತೊಡಗಿತು. ತಲೆನೋವೆಂದು ಬಂದವರ ಕಣ್ಣನ್ನು ಇಂದಿಗೂ ಪರೀಕ್ಷಿಸುವುದು ಇದಕ್ಕಾಗಿಯೇ.

ಈಚಿನ ದೊಡ್ಡ ಹೆಜ್ಜೆ ಓಸಿಟಿ ಸ್ಕ್ಯಾನ್. ಅದರ ಮೊದಲ ವರದಿ ಬಂದದ್ದು 1991ರಲ್ಲಿ. ಗಲ್ಲವನ್ನು ಆಧಾರದ ಮೇಲಿಟ್ಟು, ಯಂತ್ರದೊಳಗಿನ ಗುರುತನ್ನು ಕೆಲವು ಸೆಕೆಂಡು ದಿಟ್ಟಿಸಿದರೆ ಸಾಕು. ಅವಕೆಂಪಿಗೆ ಸಮೀಪದ ಬೆಳಕು ಪದರಗಳಿಂದ ಮರಳಿ ಬರುವ ರೀತಿಯನ್ನು ಅಳೆದು, ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾಗಿ ಅಕ್ಷಿಪಟಲದ ಸೀಳುಚಿತ್ರ ಮೂಡುತ್ತದೆ. ವರದಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ. ಅಲ್ಲಿ ಕೆಂಪು ಕಂಡೊಡನೆ ಗಾಬರಿಯಾಗುವವರು ಬಹಳ. ನಿಮ್ಮ ನರತಂತುಗಳ ಪದರ, ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಬಹುತೇಕರದ್ದಕ್ಕಿಂತ ತೆಳುವಾಗಿದೆ ಎಂದಷ್ಟೇ ಅದರ ಅರ್ಥ. ಹೆಚ್ಚು ಮೈನಸ್ ಪವರ್ ಇರುವವರಲ್ಲಿ ಯಾವ ಕಾಯಿಲೆಯಿಲ್ಲದೆಯೂ ಕೆಂಪು ಬರುತ್ತದೆ.

ಈ ಪದರ ಗ್ಲಾಕೋಮಾದಲ್ಲಿ ಮಾತ್ರವಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಆಲ್‌ಝೈಮರ್ ಕಾಯಿಲೆಗಳಲ್ಲಿಯೂ ತೆಳುವಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನಂಟು ಗಟ್ಟಿ: ಕಣ್ಣು ಹೊರಳಿಸಿದಾಗ ನೋವು, ಬಣ್ಣ ಮಂಕಾಗುವುದು ಮುಂತಾದ ಲಕ್ಷಣಗಳಿರುವ ದೃಷ್ಟಿನರದ ಉರಿಯೂತವೇ ಅನೇಕರಲ್ಲಿ ಆ ಕಾಯಿಲೆಯ ಮೊದಲ ಸುಳಿವು. ಆಲ್‌ಝೈಮರ್‌ನಲ್ಲಿ ವ್ಯತ್ಯಾಸ ಕಾಣುವುದು ಗುಂಪುಗಳ ಸರಾಸರಿಯಲ್ಲಿ. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಇವರಿಗೆ ಮರೆವು ಬರುತ್ತದೆ ಎಂದು ಹೇಳುವ ಹಂತ ಇನ್ನೂ ಬಂದಿಲ್ಲ. ಕೃತಕ ಬುದ್ಧಿಮತ್ತೆ ಇಲ್ಲಿಗೆ ಕಾಲಿಟ್ಟಿದೆ. ಲಂಡನ್ನಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ರೆಟ್‌ಫೌಂಡ್ ಎಂಬ ಮಾದರಿ 16 ಲಕ್ಷ ಕಣ್ಣಿನ ಚಿತ್ರಗಳಿಂದ ಕಲಿತದ್ದು, ಕಣ್ಣಿನ ರೋಗಗಳ ಜೊತೆಗೆ ಪಾರ್ಶ್ವವಾಯು, ಪಾರ್ಕಿನ್ಸನ್ ಮುಂತಾದವುಗಳ ಸಂಭವವನ್ನೂ ಅಂದಾಜಿಸಲು ಅದನ್ನು ಪರೀಕ್ಷಿಸಲಾಗಿದೆ.

ನೋಡದ ಕೋಶಗಳು, ಇಲ್ಲದ ದೃಶ್ಯಗಳು

ಅಕ್ಷಿಪಟಲದಲ್ಲಿ ಚಿತ್ರ ಮೂಡಿಸುವುದು ಮುಖ್ಯ ಕೆಲಸವಲ್ಲದ ಕೆಲವು ಕೋಶಗಳೂ ಇವೆ. ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಇವು ಹಗಲಿನ ಬೆಳಕನ್ನು ಅಳೆದು ಮಿದುಳಿನ ಜೈವಿಕ ಗಡಿಯಾರಕ್ಕೆ ತಿಳಿಸುತ್ತವೆ ಎಂಬುದು ಖಚಿತವಾದದ್ದು 2002ರ ಸುಮಾರಿಗೆ. ಏನೂ ಕಾಣದ ಕೆಲವರಲ್ಲಿಯೂ ಇವು ಕೆಲಸಮಾಡುತ್ತಿರುವುದರಿಂದ ಅವರ ನಿದ್ರೆಯ ಲಯ ಸರಿಯಾಗಿರುತ್ತದೆ. ಇವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ ಎಂಬುದನ್ನೇ ಹಿಡಿದು ನೀಲಿ ಬೆಳಕು ತಡೆಯುವ ಕನ್ನಡಕಗಳ ಮಾರಾಟ ಜೋರಾಗಿದೆ. 17 ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ಕೊಕ್ರೇನ್ ಪರಿಶೀಲನೆ ಮಾತ್ರ, ಕಂಪ್ಯೂಟರ್ ಬಳಕೆಯ ಕಣ್ಣಿನ ಆಯಾಸವನ್ನು ಅವು ಅಲ್ಪಾವಧಿಯಲ್ಲಿ ತಗ್ಗಿಸುವಂತೆ ತೋರುವುದಿಲ್ಲ ಎಂದಿತು. ನಿದ್ರೆಯ ವಿಷಯದಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ.

ವಯಸ್ಸಾಗಿ ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ಜನ, ಪ್ರಾಣಿ, ವಿನ್ಯಾಸಗಳು ಕಾಣುವುದುಂಟು. ಚಾರ್ಲ್ಸ್ ಬಾನೆ ಎಂಬಾತ ತನ್ನ ಅಜ್ಜನಲ್ಲಿ ಇದನ್ನು ಕಂಡು 1760ರಲ್ಲಿ ದಾಖಲಿಸಿದ್ದರಿಂದ ಇದಕ್ಕೆ ಆತನ ಹೆಸರೇ ಬಂದಿದೆ. ಕಣ್ಣಿನಿಂದ ಸಂಕೇತ ಬಾರದಾದಾಗ ಮಿದುಳಿನ ದೃಷ್ಟಿ ಕೇಂದ್ರ ತಾನಾಗಿಯೇ ಚಟುವಟಿಕೆ ಆರಂಭಿಸುವುದು ಇದರ ಮೂಲ. ಈ ದೃಶ್ಯಗಳಿಗೆ ಸದ್ದಿರುವುದಿಲ್ಲ, ಅವು ನಿಜವಲ್ಲವೆಂದು ನೋಡುವವರಿಗೂ ಗೊತ್ತಿರುತ್ತದೆ. ಹುಚ್ಚೆಂದು ಜನ ತಿಳಿದಾರು ಎಂಬ ಅಂಜಿಕೆಯಿಂದ ಹೇಳದೆ ನುಂಗಿಕೊಳ್ಳುವವರೇ ಹೆಚ್ಚು. ಇದು ಮನೋರೋಗವೂ ಅಲ್ಲ, ಡಿಮೆನ್ಷಿಯಾವೂ ಅಲ್ಲ ಎಂದು ವೈದ್ಯರು ತಿಳಿಸಿಹೇಳಿದರೆ ಬಹುಮಟ್ಟಿನ ಸಂಕಟ ಅಲ್ಲಿಗೇ ಇಳಿಯುತ್ತದೆ.

ಕೃತಕ ದೃಷ್ಟಿ

ಕೋಶಗಳೇ ಸತ್ತುಹೋದ ಕಣ್ಣಿಗೆ ಏನು ಮಾಡಬಹುದು ಎಂಬ ಪ್ರಶ್ನೆಗೆ ಈಗ ಮೂರು ದಾರಿಗಳಿಂದ ಉತ್ತರ ಹುಡುಕಲಾಗುತ್ತಿದೆ. ಮೊದಲನೆಯದು ಅಕ್ಷಿಪಟಲದ ಅಡಿಯಲ್ಲಿ ಚಿಪ್ ಇಡುವುದು. ವಯಸ್ಸಿನಿಂದ ಕಣ್ಣಿನ ನಟ್ಟನಡುವಿನ ದೃಷ್ಟಿ ಹೋದ 38 ಜನರಿಗೆ ಯುರೋಪಿನಲ್ಲಿ ಅಳವಡಿಸಿದ, ಎರಡು ಮಿಲಿಮೀಟರ್ ಅಗಲದ ಪ್ರಿಮಾ ಚಿಪ್‌ನ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಇರುವ ಕನ್ನಡಕ ಅವಕೆಂಪು ಕಿರಣದ ಮೂಲಕ ಅದಕ್ಕೆ ಚಿತ್ರ ಕಳುಹಿಸುತ್ತದೆ. ಒಂದು ವರ್ಷ ಪೂರೈಸಿದವರಲ್ಲಿ ಹೆಚ್ಚಿನವರು ಅಕ್ಷರ ಓದಬಲ್ಲವರಾದರು, ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ. ಎರಡನೆಯ ದಾರಿಯಲ್ಲಿ ಪಾಚಿಯ ಬೆಳಕುಸಂವೇದಿ ಪ್ರೋಟೀನಿನ ಜೀನನ್ನು ಉಳಿದಿರುವ ನರಕೋಶಗಳಿಗೆ ಸೇರಿಸುತ್ತಾರೆ; ದಶಕಗಳಿಂದ ಕಾಣದಿದ್ದ 58 ವರ್ಷದ ವ್ಯಕ್ತಿಯೊಬ್ಬ ವಿಶೇಷ ಕನ್ನಡಕದ ನೆರವಿನಿಂದ ಮೇಜಿನ ಮೇಲಿನ ವಸ್ತುಗಳನ್ನು ಎಣಿಸಬಲ್ಲವನಾದ ವರದಿ 2021ರಲ್ಲಿ ಬಂದಿತು. ಇಲ್ಲಿಯೂ ತರಬೇತಿ ಆರಂಭವಾಗಿ ಹಲವು ತಿಂಗಳಾದ ಮೇಲೆಯೇ ಫಲ ಕಂಡದ್ದು.

ಮೂರನೆಯದು ಕಣ್ಣು, ನರ ಎರಡನ್ನೂ ಬಿಟ್ಟು ನೇರವಾಗಿ ಮಿದುಳಿನ ದೃಷ್ಟಿ ಕೇಂದ್ರಕ್ಕೆ ವಿದ್ಯುತ್ ಸಂಕೇತ ಕೊಡುವುದು. 1968ರಲ್ಲಿಯೇ ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಇದನ್ನು ಪ್ರಯತ್ನಿಸಿದ್ದರು. ಒಂದು ವಿದ್ಯುದ್ವಾರಕ್ಕೆ ಸಂಕೇತ ಕೊಟ್ಟರೆ ಒಂದು ಬೆಳಕಿನ ಚುಕ್ಕೆ ಕಾಣುತ್ತದೆ. ಹಾಗಾದರೆ ಹತ್ತು ಚುಕ್ಕೆ ಒಟ್ಟಿಗೆ ಬೆಳಗಿಸಿದರೆ ಅಕ್ಷರ ಮೂಡಬೇಕಲ್ಲವೇ? ಮೂಡಲಿಲ್ಲ, ಚುಕ್ಕೆಗಳೆಲ್ಲ ಕಲಸಿಕೊಂಡು ಮುದ್ದೆಯಾದವು. ಅಮೆರಿಕದ ಬೇಲರ್ ವೈದ್ಯಕೀಯ ಕಾಲೇಜಿನ ತಂಡ 2020ರಲ್ಲಿ ಬೇರೆ ವಿಧಾನ ಹಿಡಿಯಿತು. ಎಲ್ಲ ವಿದ್ಯುದ್ವಾರಗಳನ್ನು ಒಮ್ಮೆಲೇ ಚಾಲೂ ಮಾಡದೆ, ಅಕ್ಷರವನ್ನು ಬರೆಯುವ ಕ್ರಮದಲ್ಲಿ ಒಂದಾದ ಮೇಲೊಂದರಂತೆ ಸಂಕೇತ ಹರಿಸಿತು. ಕಣ್ಣು ಕಾಣದ ಸ್ವಯಂಸೇವಕರು ತಮಗೆ ಕಂಡ ಗೆರೆಯನ್ನು ಟಚ್‌ಸ್ಕ್ರೀನ್ ಮೇಲೆ ಬೆರಳಿನಿಂದ ಎಳೆದು ತೋರಿಸಿದಾಗ, ಸಂಶೋಧಕರು ಕಳುಹಿಸಿದ ಅಕ್ಷರಗಳೇ ಅಲ್ಲಿ ಮೂಡಿದ್ದವು.